‘ಯೆಸ್-ನೋ ಕೇಳೂದು ಬಂದ್ ಮಾಡ್ರಿ, ಗೇಮ್ ಕ್ರ್ಯಾಶ್ ಆಗಂಗಿಲ್ಲ’: ಈ ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಖಾನಾಪುರ ತಾಲ್ಲೂಕಿನ ಗುಂಜಿಯಿಂದ ಓದುಗರೊಬ್ಬರು ನಮಗೊಂದು ವಾಟ್ಸ್‌ಆ್ಯಪ್ ಫಾರ್ವರ್ಡ್ ಕಳುಹಿಸಿದ್ದಾರೆ. ಅದರ ಸಾರಾಂಶ ಇಷ್ಟು: "ಕಂಪ್ಯೂಟರಿನ್ಯಾಗ ಗೇಮ್ ಆಡುವಾಗ ನಡುವ ಸ್ಕ್ರೀನ್ ಕಪ್ಪಾಗಿ ಯೆಸ್-ನೋ ಕೇಳ್ತದಲ್ಲ, ಅದರಿಂದನ ಗೇಮ್ ಕ್ರ್ಯಾಶ್ ಆಗೂದು. ಯುಎಸಿ ಬಂದ್ ಮಾಡ್ರಿ, ಆ್ಯಂಟಿವೈರಸ್ ತಗೀರಿ, ಗೇಮ್ ಒಟ್ಟ ನಿಲ್ಲಂಗಿಲ್ಲ. ಎಲ್ಲಾ ಗ್ರೂಪಿಗೂ ಕಳಿಸ್ರಿ." ಅವರ ಮನೆಯಲ್ಲಿರುವುದು ಒಂದೇ ಕಂಪ್ಯೂಟರ್, ಅದೂ ಸೆಕೆಂಡ್ ಹ್ಯಾಂಡ್. ಮಗ ಅದರಲ್ಲಿ ಜಿಟಿಎ ಆಡುತ್ತಾನೆ. ಅಪ್ಪ ಅದರಲ್ಲೇ ಬ್ಯಾಂಕಿನ ಕೆಲಸ, ಸೇವಾ ಸಿಂಧು ಅರ್ಜಿ ಎಲ್ಲ ಮಾಡುತ್ತಾರೆ. ಮಗ ಬಂದ್ ಮಾಡೋಣ ಅನ್ನುತ್ತಿದ್ದಾನೆ, ಮಾಡಬಹುದೇ ಎಂಬುದು ಅವರ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ, ಎಲ್ಲರೂ ಕೊನೆತನಕ ಓದುವುದಿಲ್ಲ ಎಂಬುದು ನಮಗೂ ಗೊತ್ತು. ಬಂದ್ ಮಾಡಬೇಡಿ. ಫಾರ್ವರ್ಡ್‌ನ ಮೊದಲ ಸಾಲಿನಲ್ಲಿ ಸ್ವಲ್ಪ ನಿಜವಿದೆ. ಅದು ಸೂಚಿಸುವ ಪರಿಹಾರ ಮಾತ್ರ ಅಪಾಯಕಾರಿ. ಹೀಗೆ ಅರ್ಧ ನಿಜ ಇರುವ ಫಾರ್ವರ್ಡ್‌ಗಳನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕಿದರೆ ಯಾರೂ ನಂಬುವುದಿಲ್ಲ, ಏಕೆಂದರೆ ಗೇಮ್ ನಿಂತದ್ದನ್ನು ಆ ಹುಡುಗ ಕಣ್ಣಾರೆ ನೋಡಿದ್ದಾನೆ. ಹಾಗಾಗಿ ಒಳಗೆ ನಡೆಯುವುದೇನು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಸ್ಕ್ರೀನ್ ಯಾಕೆ ಕಪ್ಪಾಗುತ್ತದೆ?

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮನೆಯ ಕಂಪ್ಯೂಟರ್‌ಗಳಲ್ಲಿ ಬಹುತೇಕ ಎಲ್ಲರೂ ಅಡ್ಮಿನಿಸ್ಟ್ರೇಟರ್ ಆಗಿಯೇ ಲಾಗಿನ್ ಆಗಿರುತ್ತಿದ್ದರು. ಅಂದರೆ ನೀವು ತೆರೆದ ಯಾವುದೇ ಪ್ರೋಗ್ರಾಂ ಕೈಗೆ ಇಡೀ ಮನೆಯ ಬೀಗದ ಕೈಗೊಂಚಲು ಸಿಕ್ಕಂತೆ. ಪೆನ್‌ಡ್ರೈವ್‌ನಲ್ಲಿ ಬಂದ ವೈರಸ್‌ಗೂ ಅದೇ ಗೊಂಚಲು. ಇದನ್ನು ಸರಿಪಡಿಸಲು ಮೈಕ್ರೋಸಾಫ್ಟ್ 2007ರ ಜನವರಿ 30ರಂದು ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದಲ್ಲಿ ಯೂಸರ್ ಅಕೌಂಟ್ ಕಂಟ್ರೋಲ್ ಎಂಬ ವ್ಯವಸ್ಥೆ ತಂದಿತು. ಇದೇ ಯುಎಸಿ. ಅಂದಿನಿಂದ ನೀವು ಅಡ್ಮಿನಿಸ್ಟ್ರೇಟರ್ ಆಗಿದ್ದರೂ ಪ್ರೋಗ್ರಾಂಗಳು ಸಾಮಾನ್ಯ ಅಧಿಕಾರದಲ್ಲೇ ಓಡುತ್ತವೆ. ಕಂಪ್ಯೂಟರ್‌ನ ಮುಖ್ಯ ಭಾಗಗಳನ್ನು ಮುಟ್ಟಬೇಕಾದಾಗ ಮಾತ್ರ ನಿಮ್ಮನ್ನು ಕೇಳುತ್ತವೆ.

ಕೇಳುವ ರೀತಿಯಲ್ಲಿ ಒಂದು ಸ್ವಾರಸ್ಯವಿದೆ. ಪ್ರಶ್ನೆಯ ಚೌಕದ ಹಿಂದೆ ಮಬ್ಬಾಗಿ ಕಾಣುವ ನಿಮ್ಮ ಡೆಸ್ಕ್‌ಟಾಪ್ ನಿಜವಾದದ್ದಲ್ಲ, ಅದರ ಫೋಟೋ. ವಿಂಡೋಸ್ ನಿಮ್ಮ ಸ್ಕ್ರೀನ್‌ನ ಚಿತ್ರವೊಂದನ್ನು ತೆಗೆದು, ಮಬ್ಬು ಮಾಡಿ, ಅದನ್ನು ಸೆಕ್ಯೂರ್ ಡೆಸ್ಕ್‌ಟಾಪ್ ಎಂಬ ಬೇರೆಯದೇ ಕೋಣೆಯ ಗೋಡೆಗೆ ಅಂಟಿಸಿ, ಆ ಕೋಣೆಯಲ್ಲಿ ನಿಮ್ಮನ್ನು ಪ್ರಶ್ನೆ ಕೇಳುತ್ತದೆ. ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿದಾಗ ಬರುವ ಸ್ಕ್ರೀನ್ ಇರುವುದೂ ಅದೇ ಕೋಣೆಯಲ್ಲಿ. ಓಡುತ್ತಿರುವ ವಿಡಿಯೋ ಆ ಕ್ಷಣ ಹೆಪ್ಪುಗಟ್ಟಿದಂತೆ ಕಾಣುವುದು ಇದೇ ಕಾರಣಕ್ಕೆ. ಇಷ್ಟೆಲ್ಲ ಯಾಕೆಂದರೆ, ಒಂದೇ ಕೋಣೆಯಲ್ಲಿ ಪ್ರಶ್ನೆ ಕೇಳಿದರೆ ಕಳ್ಳ ಪ್ರೋಗ್ರಾಂ ತಾನೇ ಮೌಸ್ ಸರಿಸಿ ಯೆಸ್ ಒತ್ತಿಬಿಡಬಹುದು. ಬೇರೆ ಕೋಣೆಗೆ ಅದರ ಕೈ ಚಾಚುವುದಿಲ್ಲ.

ಈಗ ಗೇಮ್ ವಿಷಯಕ್ಕೆ ಬರೋಣ. ಹಳೆಯ ಗೇಮ್‌ಗಳು ಫುಲ್‌ಸ್ಕ್ರೀನ್‌ನಲ್ಲಿ ಓಡುವಾಗ ಸ್ಕ್ರೀನ್ ಮತ್ತು ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿ ತಮ್ಮ ಹೆಸರಿಗೆ ಬರೆಸಿಕೊಳ್ಳುತ್ತವೆ. ಡೈರೆಕ್ಟ್‌ಎಕ್ಸ್ 9 ಕಾಲದ ಬಹುಪಾಲು ಗೇಮ್‌ಗಳು ಹೀಗೆಯೇ. ವಿಂಡೋಸ್ ಸೆಕ್ಯೂರ್ ಡೆಸ್ಕ್‌ಟಾಪ್‌ಗೆ ಹೊರಳಿದ ಕೂಡಲೇ ಆ ಹಕ್ಕು ಗೇಮ್ ಕೈತಪ್ಪುತ್ತದೆ. ನಮ್ಮ ಕಡೆಯ ಕಂಪನಿ ನಾಟಕ ನೆನಪಿಸಿಕೊಳ್ಳಿ. ದೃಶ್ಯ ನಡೆಯುತ್ತಿರುವಾಗಲೇ ಯಾರೋ ಪರದೆ ಇಳಿಸಿ, ರಂಗದ ಮೇಲಿನ ಅರಮನೆ, ಸಿಂಹಾಸನ ಎಲ್ಲವನ್ನೂ ಹೊರಗೆ ಸಾಗಿಸಿದರು ಅಂದುಕೊಳ್ಳಿ. ಐದು ನಿಮಿಷದ ಮೇಲೆ ಪರದೆ ಎತ್ತಿದಾಗ ಬುದ್ಧಿವಂತ ಮ್ಯಾನೇಜರ್ ಎಲ್ಲವನ್ನೂ ಮತ್ತೆ ಜೋಡಿಸಿ ಆಟ ಮುಂದುವರಿಸುತ್ತಾನೆ. ದಡ್ಡ ಮ್ಯಾನೇಜರ್ ರಾಜನ ಪಾತ್ರಧಾರಿಯನ್ನು ಹಾಗೇ ಕಳಿಸುತ್ತಾನೆ, ರಾಜ ಇಲ್ಲದ ಸಿಂಹಾಸನದ ಮೇಲೆ ಕೂರಲು ಹೋಗಿ ಬೀಳುತ್ತಾನೆ. ಗೇಮ್ ಕ್ರ್ಯಾಶ್ ಆಗುವುದೆಂದರೆ ಇದೇ. ಸ್ಕ್ರೀನ್ ಕೈತಪ್ಪಿದೆ ಎಂಬ ಸೂಚನೆಯನ್ನು ವಿಂಡೋಸ್ ಗೇಮ್‌ಗೆ ಕೊಟ್ಟೇ ಕೊಡುತ್ತದೆ. ಚಿತ್ರಗಳನ್ನೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಮತ್ತೆ ತುಂಬಬೇಕಾದ್ದು ಗೇಮ್ ಬರೆದವರ ಕೆಲಸ. ಅದನ್ನು ಬರೆಯದೆ ಬಿಟ್ಟಿದ್ದರೆ ಕಪ್ಪು ಸ್ಕ್ರೀನ್, ಇಲ್ಲವೇ ನೇರ ಡೆಸ್ಕ್‌ಟಾಪ್.

ಅಂಥ ಗೇಮ್ ಆಲ್ಟ್-ಟ್ಯಾಬ್ ಒತ್ತಿದರೂ ಬೀಳುತ್ತದೆ, ಪರೀಕ್ಷಿಸಿ ನೋಡಬಹುದು. ಹಾಗೆಂದು ಕೀಬೋರ್ಡಿನಿಂದ ಟ್ಯಾಬ್ ಕೀ ಕಿತ್ತುಹಾಕಿ ಎಂಬ ಫಾರ್ವರ್ಡ್ ಇನ್ನೂ ನಮಗೆ ಬಂದಿಲ್ಲ.

ಇನ್ನೊಂದು ಸಂಗತಿ. ಹಿನ್ನೆಲೆಯಲ್ಲಿರುವ ಪ್ರೋಗ್ರಾಂ ಒಂದು ಅನುಮತಿ ಕೇಳಿದರೆ ವಿಂಡೋಸ್ ಸಾಮಾನ್ಯವಾಗಿ ನಿಮ್ಮ ಸ್ಕ್ರೀನ್ ಕಿತ್ತುಕೊಳ್ಳುವುದಿಲ್ಲ. ಕೆಳಗಿನ ಟಾಸ್ಕ್‌ಬಾರ್‌ನಲ್ಲಿ ಗುರಾಣಿಯ ಚಿತ್ರವೊಂದನ್ನು ಮಿನುಗಿಸುತ್ತದೆ, ಅಷ್ಟೆ. ಹಾಗಾಗಿ ಆಟದ ನಡುವೆಯೇ ಪ್ರಶ್ನೆ ಎದುರಿಗೆ ಬಂದು ನಿಂತರೆ, ಹೆಚ್ಚಿನ ಸಲ ಅದನ್ನು ಎಬ್ಬಿಸಿದ್ದು ಆ ಗೇಮ್ ಅಥವಾ ಅದರ ಜೊತೆ ಬಂದ ಯಾವುದೋ ಪ್ರೋಗ್ರಾಂ. ಒಂದು ಗೇಮ್‌ಗೆ ಆಟದ ನಡುವೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಯಾಕೆ ಬೇಕು? ಫಾರ್ವರ್ಡ್ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಪ್ರಾಂಪ್ಟ್ ಕಿರಿಕಿರಿ ಎಂಬುದನ್ನು ಮೈಕ್ರೋಸಾಫ್ಟ್ ಕೂಡ ಅಲ್ಲಗಳೆದಿಲ್ಲ. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಆರ್‌ಎಸ್‌ಎ ಭದ್ರತಾ ಸಮ್ಮೇಳನದಲ್ಲಿ ಆ ಕಂಪನಿಯ ಡೇವಿಡ್ ಕ್ರಾಸ್, ಬಳಕೆದಾರರಿಗೆ ಕಿರಿಕಿರಿಯಾಗಲಿ ಎಂದೇ ಯುಎಸಿ ತಂದೆವು ಎಂಬರ್ಥದ ಮಾತಾಡಿ ಸುದ್ದಿಯಾಗಿದ್ದರು. ಜನ ಬೈದರೆ ಸಾಫ್ಟ್‌ವೇರ್ ಕಂಪನಿಗಳು ಸುಮ್ಮಸುಮ್ಮನೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೇಳುವುದನ್ನು ಬಿಡುತ್ತವೆ ಎಂಬುದು ಲೆಕ್ಕಾಚಾರ. ಲೆಕ್ಕ ಬಹುಮಟ್ಟಿಗೆ ಫಲಿಸಿತು ಕೂಡ. ಜೊತೆಗೆ 2009ರ ವಿಂಡೋಸ್ 7ರಲ್ಲಿ ಪ್ರಶ್ನೆಗಳ ಸಂಖ್ಯೆ ಇಳಿಸಿ, ನಾಲ್ಕು ಮೆಟ್ಟಿಲಿನ ಒಂದು ಸ್ಲೈಡರ್ ಕೊಟ್ಟರು.

ಪ್ರಶ್ನೆ ಕೇಳದೆಯೂ ಗೇಮ್ ಬೀಳಿಸುವ ಭದ್ರತೆ

ಆ ಕಪ್ಪು ಸ್ಕ್ರೀನ್‌ಗಿಂತ ಹೆಚ್ಚು ಗೇಮ್‌ಗಳನ್ನು ಕಾಡುವುದು ಸದ್ದಿಲ್ಲದೆ ಕೆಲಸ ಮಾಡುವ ತಡೆಗಳು. ಹಳೆಯ ಗೇಮ್‌ಗಳು ಆಟಗಾರನ ಪ್ರಗತಿಯನ್ನು, ಅಂದರೆ ಸೇವ್ ಫೈಲನ್ನು, ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್‌ನಲ್ಲಿರುವ ತಮ್ಮದೇ ಫೋಲ್ಡರ್‌ಗೆ ಬರೆಯುತ್ತಿದ್ದವು. ವಿಸ್ತಾದಿಂದ ಈಚೆಗೆ ಅಲ್ಲಿ ಬರೆಯಲು ಸಾಮಾನ್ಯ ಪ್ರೋಗ್ರಾಂಗೆ ಅನುಮತಿ ಇಲ್ಲ. ಹಳೆಯವು ಕೆಡಬಾರದೆಂದು ವಿಂಡೋಸ್ ಆ ಫೈಲ್‌ಗಳನ್ನು ಗುಟ್ಟಾಗಿ ವರ್ಚುಯಲ್ ಸ್ಟೋರ್ ಎಂಬ ಬೇರೆ ಫೋಲ್ಡರ್‌ಗೆ ತಿರುಗಿಸುತ್ತದೆ. ‘ನನ್ನ ಸೇವ್ ಎಲ್ಲ ಮಾಯ’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದು.

2017ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಬಂದ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಇನ್ನೂ ಬಿಗಿ. ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ತಡೆಯಲು ಬಂದ ಇದು, ಪರಿಚಯವಿಲ್ಲದ ಪ್ರೋಗ್ರಾಂಗಳು ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಬರೆಯದಂತೆ ತಡೆಯುತ್ತದೆ. ಗೇಮ್‌ಗಳ ಪೈಕಿ ಬಹಳಷ್ಟು ಸೇವ್ ಮಾಡುವುದು ಡಾಕ್ಯುಮೆಂಟ್ಸ್‌ನಲ್ಲೇ. ನಮ್ಮ ಹುಡುಗರ ಅಚ್ಚುಮೆಚ್ಚಿನ ಜಿಟಿಎ ವೈಸ್ ಸಿಟಿ, ಸ್ಯಾನ್ ಆ್ಯಂಡ್ರಿಯಾಸ್ ಕೂಡ. ಬರೆಯಲು ಬಿಡದಿದ್ದರೆ ಕೆಲವು ಗೇಮ್ ಸೇವ್ ಆಗದೆ ಸುಮ್ಮನಿರುತ್ತವೆ, ಕೆಲವು ಅಲ್ಲೇ ಮುಚ್ಚಿಕೊಳ್ಳುತ್ತವೆ. ಆದರೆ ಇದು ತಾನಾಗಿ ಆನ್ ಆಗಿರುವುದಿಲ್ಲ, ಯಾರಾದರೂ ಆನ್ ಮಾಡಿರಬೇಕು. ಆ ಒಂದು ಗೇಮ್‌ಗೆ ಮಾತ್ರ ಅನುಮತಿ ಕೊಡುವ ಪಟ್ಟಿಯೂ ಅಲ್ಲೇ ಇದೆ.

ಸೈಬರ್ ಕೆಫೆಗಳಲ್ಲಿ ನಾಲ್ಕು ಜನ ಕೂತು ಕೌಂಟರ್-ಸ್ಟ್ರೈಕ್ ಆಡಿದವರಿಗೆ ಫೈರ್‌ವಾಲ್ ಪ್ರಶ್ನೆಯೂ ಗೊತ್ತಿರಬೇಕು. ಗೇಮ್ ಮೊದಲ ಸಲ ನೆಟ್‌ವರ್ಕ್ ತೆರೆದಾಗ ಪ್ರಶ್ನೆ ಫುಲ್‌ಸ್ಕ್ರೀನ್ ಹಿಂದೆ ಅಡಗಿ ಕೂರುತ್ತದೆ, ಯಾರೂ ಉತ್ತರಿಸದೆ ಗೆಳೆಯರಿಗೆ ಕನೆಕ್ಟ್ ಆಗುವುದಿಲ್ಲ, ಎಲ್ಲರೂ ಗೇಮ್ ಹ್ಯಾಂಗ್ ಆಯಿತು ಅನ್ನುತ್ತಾರೆ.

ಇನ್ನು ಹಳೆಯ ಸಿಡಿ ಗೇಮ್‌ಗಳು. ನಕಲು ತಡೆಯಲು ಸೇಫ್‌ಡಿಸ್ಕ್ ಎಂಬ ಬೀಗ ಹಾಕಿ ಮಾರಿದ ಸಿಡಿಗಳು ವಿಂಡೋಸ್ 10ರಲ್ಲಿ ತೆರೆಯುವುದೇ ಇಲ್ಲ. ಆ ಬೀಗದ ಡ್ರೈವರ್‌ನಲ್ಲೇ ಭದ್ರತಾ ದೋಷವಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಅದನ್ನು ಅಪ್‌ಡೇಟ್ ಮೂಲಕ ನಿಲ್ಲಿಸಿತು. ಕಾಸು ಕೊಟ್ಟು ಅಸಲಿ ಸಿಡಿ ಕೊಂಡವರಿಗೆ ಇದು ಅನ್ಯಾಯವೇ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ.

ಭದ್ರತೆಯ ಸಾಫ್ಟ್‌ವೇರ್‌ನಿಂದ ಕಂಪ್ಯೂಟರ್ ಬೀಳುವುದೇ ಇಲ್ಲ ಎಂದೂ ನಾವು ಹೇಳುತ್ತಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಸ್ಕ್ರೀನ್ ತೋರಿಸಿ ನಿಂತವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಸಾಲುಗಟ್ಟಿ ಕಾದರು. ಆದರೆ ಅದು ಕಂಪನಿಗಳು ಬಳಸುವ ಸಾಫ್ಟ್‌ವೇರ್, ಮನೆಯ ಯುಎಸಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗೆಯೇ, ವಿಂಡೋಸ್ ಬದಲಾದ ಮೇಲೆ ಗೇಮ್ ಕೆಟ್ಟರೆ ತಪ್ಪು ವಿಂಡೋಸ್‌ನದ್ದೇ ಆಗಿರಬೇಕಿಲ್ಲ. ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದಮೇಲೆ ಸ್ಯಾನ್ ಆ್ಯಂಡ್ರಿಯಾಸ್‌ನ ಸ್ಕಿಮ್ಮರ್ ಎಂಬ ವಿಮಾನ ಕಾಣದಂತಾಯಿತು. ಹಳೆಯ ಜಿಟಿಎಗಳನ್ನು ದುರಸ್ತಿ ಮಾಡುವುದಕ್ಕೆ ಹೆಸರಾದ ಸೈಲೆಂಟ್ ಎಂಬ ಪ್ರೋಗ್ರಾಮರ್ ಬೆನ್ನುಹತ್ತಿ ನೋಡಿದಾಗ, ಆ ವಿಮಾನದ ಚಕ್ರದ ಅಳತೆಯನ್ನು ಗೇಮ್‌ನ ಫೈಲ್‌ನಲ್ಲಿ ಬರೆಯುವುದನ್ನೇ ಮರೆತಿದ್ದರು! ಹಿಂದಿನ ವಾಹನದ ಅಳತೆ ಮೆಮೊರಿಯಲ್ಲಿ ಅಕಸ್ಮಾತ್ ಉಳಿದಿರುತ್ತಿದ್ದುದರಿಂದ 20 ವರ್ಷ ಎಲ್ಲ ಸರಿಯಿದ್ದಂತೆ ಕಂಡಿತ್ತು. ಹೊಸ ವಿಂಡೋಸ್ ಆ ಜಾಗವನ್ನು ಬೇರೆ ಕೆಲಸಕ್ಕೆ ಬಳಸಿತು, ಗುಟ್ಟು ಬಯಲಾಯಿತು.

ಇಷ್ಟೆಲ್ಲ ಹೇಳಿದ ಮೇಲೂ, ಮನೆಯ ಹಳೆಯ ಕಂಪ್ಯೂಟರ್‌ನಲ್ಲಿ ಗೇಮ್ ನಿಲ್ಲಲು ಸಾಮಾನ್ಯ ಕಾರಣಗಳು ಬೇರೆಯೇ. ಫ್ಯಾನ್‌ನಲ್ಲಿ ತುಂಬಿದ ಧೂಳು, ಒಣಗಿಹೋದ ಥರ್ಮಲ್ ಪೇಸ್ಟ್, ಸಾಲದ ರ‍್ಯಾಮ್, ಹಳೆಯ ಗ್ರಾಫಿಕ್ಸ್ ಡ್ರೈವರ್, ದುರ್ಬಲ ಪವರ್ ಸಪ್ಲೈ. ಖಾನಾಪುರದ ಕಡೆ ಮಳೆಗಾಲದಲ್ಲಿ ಕರೆಂಟು ಹೋಗಿಬಂದು ಮಾಡುವುದನ್ನು ಅಲ್ಲಿಯವರಿಗೆ ನಾವು ಹೇಳಬೇಕಿಲ್ಲ. ನಿಮ್ಮ ಗೇಮ್ ಯಾಕೆ ನಿಂತಿತು ಎಂದು ಊಹಿಸುವ ಬದಲು ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಹಿಸ್ಟರಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ತೆರೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಪ್ರೋಗ್ರಾಂ ನಿಂತಿತು ಎಂಬುದು ಅಲ್ಲಿ ಸಾಲಾಗಿ ಇರುತ್ತದೆ. ಪ್ರಾಂಪ್ಟ್ ಬಾರದ ದಿನಗಳಲ್ಲೂ ಕೆಂಪು ಗುರುತುಗಳಿದ್ದರೆ, ತಪ್ಪಿತಸ್ಥ ಯುಎಸಿ ಅಲ್ಲ.

ಬಂದ್ ಮಾಡಿದರೆ ಲಾಭ ಯಾರಿಗೆ?

ಸ್ಲೈಡರನ್ನು ಕೆಳಗಿನ ತುದಿಗೆ ಎಳೆದರೆ ಅಡ್ಮಿನಿಸ್ಟ್ರೇಟರ್ ಅಕೌಂಟ್‌ನಲ್ಲಿ ಅಧಿಕಾರ ಕೇಳುವ ಪ್ರೋಗ್ರಾಂಗಳಿಗೆಲ್ಲ ನಿಮ್ಮನ್ನು ಕೇಳದೆಯೇ ಯೆಸ್ ಸಿಗುತ್ತದೆ. ಎಕ್ಸ್‌ಪಿ ಕಾಲದ ಬೀಗದ ಕೈಗೊಂಚಲು ಮತ್ತೆ ಬೀದಿಗೆ ಬಂದಂತೆ. ಅದರ ಮೇಲೆ ಆ್ಯಂಟಿವೈರಸ್ಸನ್ನೂ ತೆಗೆದರೆ?

ಈ ಎರಡು ಸಲಹೆಗಳು ಜೊತೆಯಾಗಿ ಇನ್ನೆಲ್ಲಿ ಬರುತ್ತವೆ ಎಂದು ಗಮನಿಸಿದ್ದೀರಾ? ಪುಕ್ಕಟೆ ಸಿಗುವ ಕ್ರ್ಯಾಕ್ ಗೇಮ್‌ಗಳ ಜೊತೆಗಿರುವ ಸೂಚನೆಗಳಲ್ಲಿ. ಮೊದಲು ಆ್ಯಂಟಿವೈರಸ್ ಬಂದ್ ಮಾಡಿ, ಆಮೇಲೆ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಒತ್ತಿ ಎಂದು ಅದರಲ್ಲಿ ಬರೆದಿರುತ್ತದೆ. 2021ರ ಜೂನ್‌ನಲ್ಲಿ ಅವಾಸ್ಟ್ ಕಂಪನಿ ಕ್ರ್ಯಾಕೊನಾಶ್ ಎಂಬ ಮಾಲ್‌ವೇರ್‌ನ ವರದಿ ಪ್ರಕಟಿಸಿತು. ಜಿಟಿಎ 5, ಫಾರ್ ಕ್ರೈ 5, ದಿ ಸಿಮ್ಸ್ 4 ಮುಂತಾದ ಗೇಮ್‌ಗಳ ಕ್ರ್ಯಾಕ್ ಪ್ರತಿಗಳಲ್ಲಿ ಅಡಗಿದ್ದ ಅದು ಕಂಪ್ಯೂಟರನ್ನು ಸೇಫ್ ಮೋಡ್‌ನಲ್ಲಿ ಎಬ್ಬಿಸಿ, ವಿಂಡೋಸ್ ಡಿಫೆಂಡರನ್ನು ನಿಷ್ಕ್ರಿಯಗೊಳಿಸಿ, ಮನೆಯವರ ಕರೆಂಟಿನಲ್ಲಿ ಮೊನೆರೊ ಎಂಬ ಡಿಜಿಟಲ್ ನಾಣ್ಯ ಗಣಿಗಾರಿಕೆ ಮಾಡುತ್ತಿತ್ತು. ಸೋಂಕು ತಗುಲಿದ ಕಂಪ್ಯೂಟರ್‌ಗಳು 2 ಲಕ್ಷ 22 ಸಾವಿರಕ್ಕೂ ಹೆಚ್ಚು, ಭಾರತದಲ್ಲೇ 13 ಸಾವಿರಕ್ಕೂ ಹೆಚ್ಚು. ಅದನ್ನು ಬರೆದವರು ಗಳಿಸಿದ್ದು 20 ಲಕ್ಷ ಡಾಲರ್‌ಗೂ ಮಿಗಿಲು. ಗಣಿಗಾರಿಕೆ ಪ್ರೊಸೆಸರನ್ನು ಹಗಲುರಾತ್ರಿ ದುಡಿಸುತ್ತದೆ. ಅಂಥ ಕಂಪ್ಯೂಟರ್‌ನಲ್ಲಿ ಗೇಮ್ ತಡವರಿಸುತ್ತದೆ, ಬಿಸಿಯಾಗಿ ನಿಲ್ಲುತ್ತದೆ. ಆಗ ಮತ್ತೊಂದು ಫಾರ್ವರ್ಡ್ ಹುಡುಕುತ್ತೇವೆ.

ಕ್ರ್ಯಾಕೊನಾಶ್ ಕದ್ದದ್ದು ಕರೆಂಟು. ಅದೇ ದಾರಿಯಲ್ಲಿ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂಗಳೂ ಬರುತ್ತವೆ. ಒಂದೇ ಕಂಪ್ಯೂಟರ್‌ನಲ್ಲಿ ಮಗನ ಗೇಮೂ ಅಪ್ಪನ ನೆಟ್ ಬ್ಯಾಂಕಿಂಗೂ ಇರುವ ಮನೆಯಲ್ಲಿ ಇದು ಬರೀ ಆಟದ ಮಾತಲ್ಲ.

ಮೊಬೈಲ್‌ನಲ್ಲಿ ಇದರ ತಮ್ಮ

ನಿಮ್ಮಲ್ಲಿ ಹೆಚ್ಚಿನವರು ಇದನ್ನು ಓದುತ್ತಿರುವುದು ಫೋನ್‌ನಲ್ಲಿ. ಅಲ್ಲಿಯೂ ಇದೇ ಕಥೆ. ಆಂಡ್ರಾಯ್ಡ್‌ನಲ್ಲಿ ಅನುಮತಿಯ ಪ್ರಶ್ನೆ ಮೇಲೆ ಬಂದಾಗ ಕೆಳಗಿನ ಗೇಮ್ ಸ್ವಲ್ಪ ಹೊತ್ತು ನಿಲ್ಲಿಸಲ್ಪಡುತ್ತದೆ. ಬೇರೆ ಆ್ಯಪ್‌ಗೆ ಹೋಗಿ ಬರುವಷ್ಟರಲ್ಲಿ ರ‍್ಯಾಮ್ ಸಾಲದಿದ್ದರೆ ಫೋನ್ ಆ ಗೇಮನ್ನು ಮುಚ್ಚಿಯೇ ಬಿಡುತ್ತದೆ. 2017ರ ಆಂಡ್ರಾಯ್ಡ್ 8ರಿಂದ, ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಹಾಕಬೇಕಾದರೆ ಯಾವ ಆ್ಯಪ್ ಮೂಲಕ ಹಾಕುತ್ತೀರೋ ಅದಕ್ಕೆ ಪ್ರತ್ಯೇಕವಾಗಿ ಅನುಮತಿ ಕೊಡಬೇಕು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿದಾಗ, ಮತ್ತೆ 2022ರ ಜುಲೈನಲ್ಲಿ ಬಿಜಿಎಂಐ ಸ್ಟೋರ್‌ಗಳಿಂದ ಮಾಯವಾದಾಗ, ಎಪಿಕೆ ಫೈಲ್‌ಗಳ ಲಿಂಕ್‌ಗಳು ಗ್ರೂಪಿನಿಂದ ಗ್ರೂಪಿಗೆ ಹರಿದಾಡಿದವು. ಆ ತಡೆಯ ಪ್ರಶ್ನೆಯನ್ನು ಓದದೆ ದಾಟುವ ಅಭ್ಯಾಸ ಹಲವರಿಗೆ ಅಂಟಿದ್ದು ಆಗಲೇ ಎಂಬುದು ನಮ್ಮ ಅನಿಸಿಕೆ. ಈಗ ಮದುವೆ ಕರೆಯೋಲೆ, ಆರ್‌ಟಿಒ ಚಲನ್ ಎಂಬ ಹೆಸರಿನ ಎಪಿಕೆಗಳು ಬರುತ್ತಿವೆ, ಅದೇ ಪ್ರಶ್ನೆ, ಅದೇ ಹೆಬ್ಬೆರಳು. ಒಪ್ಪಿ ಒಳಗೆ ಬಿಟ್ಟರೆ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಬ್ಯಾಂಕಿನ ಒಟಿಪಿ ಬರುವುದು ಅಲ್ಲಿಗೇ.

ಪ್ರಶ್ನೆಯೇ ನಕಲಿಯಾಗಿದ್ದರೆ?

ಅಸಲಿ ಪ್ರಾಂಪ್ಟ್ ಬಂದ್ ಮಾಡುವ ಉತ್ಸಾಹದಲ್ಲಿ ನಾವು ನಕಲಿ ಪ್ರಾಂಪ್ಟ್ ನಂಬುವುದೂ ಉಂಟು. ಪುಕ್ಕಟೆ ಗೇಮ್ ಸೈಟ್‌ನಲ್ಲಿ ಯಾವುದೋ ಬಟನ್ ಒತ್ತಿದ ಕೂಡಲೇ ಇಡೀ ಸ್ಕ್ರೀನ್ ತುಂಬ ‘ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಕರೆ ಮಾಡಿ’ ಎಂಬ ಎಚ್ಚರಿಕೆ, ಜೊತೆಗೆ ಕೂಗುವ ಸೈರನ್. ಅದು ಬರೀ ವೆಬ್‌ಪೇಜ್. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ, ಈ ಒಂದು ಗುರುತು ಸಾಕು. ಎಸ್ಕೇಪ್ ಕೀ ಒತ್ತಿ ಹಿಡಿದರೆ ಫುಲ್‌ಸ್ಕ್ರೀನ್ ಬಿಡುತ್ತದೆ. ಬಿಡದಿದ್ದರೆ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ, ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಆ ಕೋಣೆಗೆ ವೆಬ್‌ಪೇಜ್ ಬರಲಾರದು. ಫೋನ್ ಮಾಡಿದರೆ ಆ ಕಡೆಯವರು ರಿಮೋಟ್ ಆ್ಯಪ್ ಹಾಕಿಸುತ್ತಾರೆ, ಎಲ್ಲ ಪ್ರಶ್ನೆಗೂ ಯೆಸ್ ಒತ್ತಿ ಅನ್ನುತ್ತಾರೆ. ಆ ಕಡೆಯವರು ಎಲ್ಲೋ ದೂರದವರೇ ಆಗಬೇಕಿಲ್ಲ. ಫೋನ್ ಮೂಲಕ ಅಮೆರಿಕದವರನ್ನು ವಂಚಿಸುತ್ತಿದ್ದ ಕಾಲ್ ಸೆಂಟರ್ ಒಂದನ್ನು ಬೆಳಗಾವಿ ಪೊಲೀಸರು 2025ರ ನವೆಂಬರ್‌ನಲ್ಲಿ ಬೆಳಗಾವಿ ನಗರದಲ್ಲೇ ಹಿಡಿದು 33 ಜನರನ್ನು ಬಂಧಿಸಿದ್ದರು.

ಹಾಗಾದರೆ ಗೇಮ್ ಗತಿ?

ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಫುಲ್‌ಸ್ಕ್ರೀನ್ ಬದಲು ಬಾರ್ಡರ್‌ಲೆಸ್ ಅಥವಾ ವಿಂಡೋ ಮೋಡ್ ಆರಿಸಿ. ಸ್ಕ್ರೀನನ್ನು ಪೂರ್ತಿ ತನ್ನ ಹೆಸರಿಗೆ ಬರೆಸಿಕೊಳ್ಳದ ಗೇಮ್‌ಗೆ ಕಳೆದುಕೊಳ್ಳಲು ಹೆಚ್ಚೇನೂ ಇರುವುದಿಲ್ಲ. ಮುಕ್ಕಾಲುಪಾಲು ತೊಂದರೆ ಇಷ್ಟಕ್ಕೇ ಹೋಗುತ್ತದೆ ಎಂಬುದು ನಮ್ಮ ಅನುಭವ. ಹಳೆಯ ಗೇಮ್‌ಗಳನ್ನು ಪ್ರೋಗ್ರಾಂ ಫೈಲ್ಸ್ ಬಿಟ್ಟು ಡಿ ಡ್ರೈವ್‌ನಲ್ಲಿ ಗೇಮ್ಸ್ ಎಂಬ ಫೋಲ್ಡರ್ ಮಾಡಿ ಅಲ್ಲಿ ಇನ್‌ಸ್ಟಾಲ್ ಮಾಡಿದರೆ ಸೇವ್ ಫೈಲ್‌ನ ಗೋಳು ತಪ್ಪುತ್ತದೆ. ಲಾಂಚರ್‌ನ ಅಪ್‌ಡೇಟ್‌ಗಳನ್ನು ಆಟ ಶುರು ಮಾಡುವ ಮೊದಲೇ ಮುಗಿಸಿಕೊಳ್ಳಿ.

ಯಾವುದೋ ಒಂದು ಹಠಮಾರಿ ಗೇಮ್ ಇದಕ್ಕೂ ಬಗ್ಗದಿದ್ದರೆ ಸ್ಲೈಡರ್‌ನ ಮೂರನೇ ಮೆಟ್ಟಿಲು ಇದೆ: ಪ್ರಶ್ನೆ ಕೇಳುತ್ತದೆ, ಆದರೆ ಸ್ಕ್ರೀನ್ ಮಬ್ಬು ಮಾಡುವುದಿಲ್ಲ, ಬೇರೆ ಕೋಣೆಗೆ ಹೋಗುವುದಿಲ್ಲ. ಕಳ್ಳ ಪ್ರೋಗ್ರಾಂ ಕೈಚಾಚುವ ಅಪಾಯ ಮರಳುತ್ತದೆ, ಆದ್ದರಿಂದ ಆಟ ಮುಗಿದ ಮೇಲೆ ಮೊದಲಿನಂತೆ ಮಾಡಿ. ನಾಲ್ಕನೆಯದಕ್ಕೆ ಇಳಿಯಬೇಡಿ.

ಗುಂಜಿಯ ಓದುಗರಿಗೆ ನಾವು ಒತ್ತಿ ಹೇಳುವುದು ಇನ್ನೊಂದನ್ನು. ಮಗನಿಗೆ ಅದೇ ಕಂಪ್ಯೂಟರ್‌ನಲ್ಲಿ ಬೇರೆ ಅಕೌಂಟ್ ಮಾಡಿಕೊಡಿ, ಅದು ಅಡ್ಮಿನಿಸ್ಟ್ರೇಟರ್ ಆಗಿರದೆ ಸ್ಟ್ಯಾಂಡರ್ಡ್ ಆಗಿರಲಿ. ಆಗ ಕಂಪ್ಯೂಟರ್‌ನ ಮುಖ್ಯ ಭಾಗ ಮುಟ್ಟುವ ಗೇಮ್ ಬರೀ ಯೆಸ್ ಕೇಳುವುದಿಲ್ಲ, ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಆತ ಅಡುಗೆಮನೆಗೆ ಬಂದು ನಿಮ್ಮನ್ನು ಕರೆಯಬೇಕಾಗುತ್ತದೆ. ಬ್ಯಾಂಕಿನ ಕೆಲಸವನ್ನು ಆ ಅಕೌಂಟ್‌ನಲ್ಲಿ ಮಾಡಬೇಡಿ.

ಈಗಾಗಲೇ ಬಂದ್ ಮಾಡಿಬಿಟ್ಟಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ಯು, ಎ, ಸಿ ಎಂಬ ಮೂರು ಇಂಗ್ಲಿಷ್ ಅಕ್ಷರ ಟೈಪ್ ಮಾಡಿದರೆ ಸ್ಲೈಡರ್ ಸಿಗುತ್ತದೆ. ಮೇಲಿನಿಂದ ಎರಡನೇ ಮೆಟ್ಟಿಲಿಗೆ ಏರಿಸಿ. ಆಮೇಲೆ ವಿಂಡೋಸ್ ಸೆಕ್ಯೂರಿಟಿ ತೆರೆದು ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಮಾಡಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಕಾಲು ಗಂಟೆ ಹಿಡಿಯುತ್ತದೆ, ಗಾಬರಿ ಬೇಡ. ಅಷ್ಟರಲ್ಲಿ ಖಾತೆಯಿಂದ ಹಣ ಹೋದದ್ದು ಗೊತ್ತಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ, ಪಾಸ್‌ವರ್ಡ್‌ಗಳನ್ನು ಆ ಕಂಪ್ಯೂಟರ್‌ನಲ್ಲಿ ಬೇಡ, ಬೇರೆ ಫೋನ್‌ನಿಂದ ಬದಲಿಸಿ.